ತಮ್ಮನ ಆಕಳ ಹೊಟ್ಟೆಯಲ್ಲಿ ನಮ್ಮ ಕರು

ನಮ್ಮ ಸತ್ತಿ ಊರಿನಲ್ಲಿ ಹೋರಿಯ ಹಾಗೆ ಕೂಗಬಲ್ಲ ಮನುಷ್ಯ ಒಬ್ಬನೇ ಇದ್ದಾನೆ, ಅವನು ನಾನು. ಕಬ್ಬಿನೊಳಗೆ ಕೂತು ಒಮ್ಮೆ ಗಂಟಲು ಬಿಟ್ಟರೆ ಹೊಳೆದಂಡೆಯ ಆಕಳುಗಳೆಲ್ಲ ಮೇವು ಬಿಟ್ಟು ತಲೆ ಎತ್ತುತ್ತವೆ. ಬಿಡಾಡಿ ಹೋರಿ ಬಂತೆಂದು ನನ್ನ ತಮ್ಮ ಬಡಿಗೆ ಹಿಡಿದು ಎಷ್ಟು ಸಲ ನನ್ನ ಹೊಲ ಸುತ್ತಿದ್ದಾನೋ ಅವನಿಗೇ ಗೊತ್ತು. ಫೋನಿನಲ್ಲಿ ದನಿ ಬದಲಿಸುವುದರಲ್ಲೂ ಈ ಅಥಣಿ ತಾಲೂಕಿನಲ್ಲಿ ನನ್ನ ಜೋಡಿ ಇಲ್ಲ. ಸಕ್ಕರೆ ಕಾರ್ಖಾನೆಯವನ ದನಿಯಲ್ಲಿ, "ನಾಳೆ ಮುಂಜಾನೆ ನಿಮ್ಮ ಕಬ್ಬ ಕಡ್ಯಾಕ ಟೋಳಿ ಬರತೈತ್ರಿ" ಎಂದು ಹೇಳಿಟ್ಟೆ. ತಮ್ಮ ಬೆಳಗಾಗುವ ಮೊದಲೇ ಎದ್ದು, ಬರದ ಆ ಗುಂಪಿಗಾಗಿ ಹಂಡೆಯ ತುಂಬ ಚಹಾ ಕಾಸಿಕೊಂಡು ಕೂತಿದ್ದ. ನಾನು ಮಾಳಿಗೆಯ ಮೇಲಿಂದ ನೋಡಿ ನಕ್ಕೆ, ಆಮೇಲೆ ಇಳಿದು ಹೋಗಿ ಆ ಚಹಾ ಕುಡಿದು ಬಂದೆ.

ಇಷ್ಟು ವಿದ್ಯೆ ಇದ್ದವನಿಗೆ ಊರು ಕೊಟ್ಟ ಮಾನ ಏನೆಂದರೆ, ನಾನು ನಿಜ ಹೇಳಿದ ದಿನ ಒಬ್ಬರೂ ನಂಬಲಿಲ್ಲ. ಆ ದಿನದ ಮಾತನ್ನೇ ಹೇಳಬೇಕೆಂದು ಕೂತಿದ್ದೇನೆ.

ನನ್ನ ಹೆಂಡತಿ ಮರಾಠಿ ಮಾತಿನ ಭೋಜ ಊರಿನವಳು. ಮದುವೆಯಾಗಿ ಬಂದಾಗ ಅವಳ ಹಿಂದೆ ತವರಿನ ಒಂದು ಖಿಲಾರಿ ಆಕಳೂ ನಡೆದು ಬಂತು. ಬಿಳಿಯ ಮೈ, ಹಿಂದಕ್ಕೆ ಬಾಗಿದ ಉದ್ದನೆಯ ಕೋಡು, ಸೊಕ್ಕು ನನ್ನಷ್ಟೇ. ಅದರ ಮಗಳು, ಮೊಮ್ಮಗಳು ಎಂದು ಆ ಬಳ್ಳಿ ನಮ್ಮ ಅಂಗಳದಲ್ಲೇ ಬೆಳೆಯಿತು. ಅವಳ ತಾಯಿ ಹೋದರು, ಅಣ್ಣ ಹೋದ, ತವರಿನ ಮನೆಯನ್ನು ಬೇರೆಯವರು ಕೊಂಡರು. ಉಳಿದದ್ದು ಆ ದನದ ಬಳ್ಳಿ ಒಂದೇ. ಹೆಚ್ಚು ಮಾತಿನವಳಲ್ಲ ನನ್ನ ಹೆಂಡತಿ. ಆದರೆ ಮರಾಠಿಯಲ್ಲಿ ಆ ಆಕಳಿನ ಜೊತೆ ಗಂಟೆಗಟ್ಟಲೆ ಮಾತಾಡುತ್ತಿದ್ದಳು. ನನ್ನ ಮೇಲಿನ ದೂರುಗಳೇ ಹೆಚ್ಚಿದ್ದವು ಎಂದು ನನ್ನ ಅನುಮಾನ.

ಇಲ್ಲಿ ನಾವೆಲ್ಲ ಸೇರಿ ಒಂದು ದಡ್ಡತನ ಮಾಡಿದೆವು. ನಮ್ಮ ಕಡೆ ಖಿಲಾರಿ ಆಕಳು ಗಂಡುಗರು ಹಾಕಿದರೆ ಪೇಡೆ ಹಂಚುತ್ತಾರೆ. ಹೋರಿ ಬೆಳೆದರೆ ಗಾಡಿಗೆ ಆಯಿತು, ಓಟದ ಶರ್ಯತ್ತಿಗೆ ಆಯಿತು, ಮೀಸೆ ತಿರುವುವುದಕ್ಕೂ ಆಯಿತು. ಹೆಣ್ಣುಗರು ಹಾಕಿದರೆ "ಇರ್ಲಿ ಬಿಡು" ಎನ್ನುತ್ತಾರೆ. ಆ ಬಳ್ಳಿಯ ಕೊನೆಯ ಆಕಳು ಪ್ರತಿ ಸಲವೂ ಗಂಡುಗರುವನ್ನೇ ಹಾಕಿತು, ನಾವು ಪ್ರತಿ ಸಲವೂ ಪೇಡೆ ಹಂಚಿದೆವು. ಬಳ್ಳಿ ಮುಂದೆ ಹೋಗುವುದು ಹೆಣ್ಣಿನಿಂದ ಎಂಬುದು ಬಾಯಲ್ಲಿ ಪೇಡೆ ಇದ್ದಾಗ ಯಾರಿಗೂ ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಆಕಳು ಮುದಿಯಾಗಿತ್ತು. ಹೋರಿ ಕೊಡಿಸಿದರೂ, ವೀರ್ಯದ ಕಡ್ಡಿ ಹಾಕಿಸಿದರೂ ಗಬ್ಬ ನಿಲ್ಲಲಿಲ್ಲ.

ಆಗ ಬಂದವರು ಒಬ್ಬ ಡಾಕ್ಟರ್‌ಬಾಯಿ. ದೇಶಿ ದನಗಳ ತಳಿ ಉಳಿಸುವ ಸಂಶೋಧನೆ ಮಾಡುವವರು, ನಮ್ಮ ಕಡೆಯ ಹುಡುಗಿಯೇ. ಅವರು ಮಾಡಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಮುದಿ ಆಕಳು ಹೊರಲಾರದು, ಆದರೆ ಅದರ ಅಂಡಾಶಯದಲ್ಲಿ ಇನ್ನೂ ತತ್ತಿಗಳಿರುತ್ತವಂತೆ. ಟಿವಿಯಂಥ ಪರದೆ ನೋಡುತ್ತ ಸೂಜಿಯಿಂದ ಅವನ್ನು ಹೀರಿ ತೆಗೆದರು. ಪ್ರಯೋಗಾಲಯದಲ್ಲಿ ಒಳ್ಳೆಯ ಖಿಲಾರಿ ಹೋರಿಯ ವೀರ್ಯದ ಜೊತೆ ಕೂಡಿಸಿ, ಒಂದು ವಾರ ಅಲ್ಲೇ ಬೆಳೆಸಿದರು. ವೀರ್ಯವೂ ಆರಿಸಿದ್ದು. ಹೆಣ್ಣುಗರು ಹುಟ್ಟಿಸುವ ಕಣದಲ್ಲಿ ವಂಶದ ಸರಕು ತುಸು ಹೆಚ್ಚಿರುತ್ತದಂತೆ, ಅದರ ಮೇಲೆ ಬೇರೆ ಮಾಡುತ್ತಾರಂತೆ.

"ಹಂಗಾದ್ರ ಹೆಣ್ಗರ ಖಾತ್ರಿ ಅನ್ರಿ," ಅಂದೆ.

"ಖಾತ್ರಿ ಅಲ್ರಿ ಅಜ್ಜಾರ, ಭಾಳ ಮಟ್ಟಿಗಿ," ಅಂದರು ಡಾಕ್ಟರ್‌ಬಾಯಿ. "ಅದಕ್ಕೂ ಮೊದಲ ಗಬ್ಬ ನಿಲ್ಲಬೇಕು. ನಿಲ್ಲದವೂ ರಗಡ ಇರ್ತಾವ."

ಅಷ್ಟು ತತ್ತಿಗಳಲ್ಲಿ ಚೆನ್ನಾಗಿ ಬೆಳೆದ ಭ್ರೂಣಗಳು ಎರಡೇ. ಅವನ್ನು ಹೊರಲು ಬೇರೆ ಆಕಳು ಬೇಕಾಗಿತ್ತು. ತಮ್ಮನದೊಂದು ಕರಿ-ಬಿಳಿ ಎಚ್‌ಎಫ್ ಎಂಬ ವಿಲಾಯತಿ ತಳಿಯ ಆಕಳಿತ್ತು, ಗಟ್ಟಿ ಮೈಯದು. ನಮ್ಮಿಬ್ಬರ ಅಂಗಳದ ನಡುವೆ ಒಂದು ಮೋಟು ಗೋಡೆ ಅಷ್ಟೇ. ಮಾತು ಹೀಗಾಯಿತು: ಹಾಲು ಅವನಿಗೆ, ಕರು ನಮಗೆ. ಮೊದಲ ಭ್ರೂಣ ನಿಲ್ಲಲಿಲ್ಲ. ಚಳಿಯ ಡಬ್ಬಿಯಲ್ಲಿ ಕಾದಿಟ್ಟಿದ್ದ ಎರಡನೆಯದನ್ನು ಹಾಕುವ ಮೊದಲೇ ನಮ್ಮ ಮುದಿ ಆಕಳು ಕಣ್ಣು ಮುಚ್ಚಿತು. ಹೆಂಡತಿ ಎರಡು ದಿನ ಕೊಟ್ಟಿಗೆಯ ಕಡೆ ಹೋಗಲಿಲ್ಲ. ಡಾಕ್ಟರ್‌ಬಾಯಿ ಕೊನೆಯ ಭ್ರೂಣವನ್ನು ತಮ್ಮನ ಆಕಳಿಗೆ ಹಾಕಿ, "ಒಂದ ತಿಂಗಳಾದ ಮ್ಯಾಲ ಮಶಿನ್ ತಂದು ನೋಡ್ತೀನಿ. ಅಲ್ಲೀತನಕಾ ಯಾರೂ ಕೈ ಹಾಕಬ್ಯಾಡ್ರಿ," ಎಂದು ಹೇಳಿ ಹೋದರು. ಇನ್ನು ಆ ಬಳ್ಳಿಯಲ್ಲಿ ಉಳಿದದ್ದೆಲ್ಲ ಆ ಒಂದು ಹೊಟ್ಟೆಯಲ್ಲಿತ್ತು.

ತಿಂಗಳು ತುಂಬಿರಲಿಲ್ಲ. ಒಂದು ಮುಂಜಾನೆ ಗೋಡೆಯಾಚೆ ತಮ್ಮನ ಆಕಳು ಒದರತೊಡಗಿತು. ಒಂದೇ ಸಮನೆ, ಕುತ್ತಿಗೆ ಚಾಚಿ. ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ಹೆಂಚಿನ ಮೇಲಿದ್ದ ರೊಟ್ಟಿ ಕರಕಾಗುವವರೆಗೂ ಅವಳು ಅಲುಗಲಿಲ್ಲ.

ನಮ್ಮಲ್ಲಿ ಆಕಳು ಹಾಗೆ ಒದರುವುದನ್ನು ಕೇಳಿದವರು ಅದರ ಯಜಮಾನನಿಗೆ ಹೋಗಿ ಹೇಳಲೇಬೇಕು, ವೈರಿಯಾದರೂ ಹೇಳಬೇಕು. ಮಾಜಿಗೆ ಬಂದ ದನವನ್ನು, ಎಂದರೆ ಬೆದೆಗೆ ಬಂದದ್ದನ್ನು, ಹಾಗೇ ಕಟ್ಟಿಹಾಕುವುದು ಪಾಪ. ಅರ್ಧ ಗಂಟೆಯಲ್ಲಿ ಓಣಿಯ ಹೆಂಗಸರೆಲ್ಲ ತಮ್ಮನ ಬಾಗಿಲಿಗೆ ಹೋಗಿ ಹೇಳಿ ಬಂದರು. ತಮ್ಮ ಗೋಡೆಯ ಹತ್ತಿರ ಬಂದ.

"ಅಣ್ಣಾ, ನಿನ್ನ ಕರು ನಿಂತಿಲ್ಲ. ಆಕಳ ಮಾಜಿಗಿ ಬಂದೈತಿ. ಕಡ್ಡಿಯಂವಗ ಫೋನ್ ಹಚ್ಚೀನಿ, ಬರಾಕತ್ತಾನ."

"ಒದರಿದ ಕೂಡ್ಲೆ ಮಾಜೇನಲೇ? ನೀನೂ ದಿನಾ ಒದರ್ತಿ. ನಿನಗ ಯಾರರ ಕಡ್ಡಿ ಹಾಕ್ಯಾರೇನ?"

ಅವನು ನಗಲಿಲ್ಲ. "ಹೋದ ಸಲಾನೂ ನಿಮ್ಮ ಸಲುವಾಗಿ ಬರೇ ಹೊಟ್ಟೀಲೆ ನಿಂತೈತಿ ಅದು. ಇವತ್ತ ತಪ್ಪಿದ್ರ ಮತ್ತ ಮುಂದಿನ ಮಾಜಿನ ತನಕಾ ಕಾಯಬೇಕು. ಮೇವು ನಾ ಹಾಕಬೇಕು, ಕರು ನಿಮಗ, ಕಾಯೂದು ನಂದು. ಎಷ್ಟಂತ ಕಾಯ್ಲಿ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಲು ಯಾರಿಗೆ, ಕರು ಯಾರಿಗೆ ಎಂದು ನಾವು ಮಾತಾಡಿಕೊಂಡಿದ್ದೆವು. ಖಾಲಿ ಹೊಟ್ಟೆಯ ಕಾಯುವಿಕೆ ಯಾರಿಗೆ ಎಂದು ಮಾತಾಡಿರಲಿಲ್ಲ.

ನಾನು ಡಾಕ್ಟರ್‌ಬಾಯಿಗೆ ಫೋನ್ ಹಚ್ಚಿದೆ. ಅವರು ರಾಯಬಾಗದ ಕಡೆ ಎಲ್ಲೋ ಇದ್ದರು, ಗಾಳಿಯ ಸದ್ದು ಕೇಳುತ್ತಿತ್ತು.

"ಅಜ್ಜಾರ, ಗಬ್ಬ ನಿಂತ ಆಕಳೂ ಒಂದೊಂದ ಸಲ ಹಂಗ ಮಾಡ್ತಾವ. ಒದರ್ತಾವ, ಬ್ಯಾರೆ ದನದ ಮ್ಯಾಲ ಹಾರ್ತಾವ. ಆದ್ರ ಬ್ಯಾರೆ ದನ ಇವುಗಳ ಮ್ಯಾಲ ಹಾರಾಕ ಬಂದ್ರ ಸರದ ಹೋಗ್ತಾವ. ಖರೇನ ಮಾಜಿಗಿ ಬಂದಿದ್ರ ಕಲ್ಲಿನಂಗ ನಿಂತ ಬಿಡ್ತಾವ. ಅದರ ಮ್ಯಾಲೂ ಪೂರಾ ನಂಬಾಕ ಆಗೂದಿಲ್ಲ. ಕಡ್ಡಿ ಮಾತ್ರ ಹಾಕಸಬ್ಯಾಡ್ರಿ. ಗರ್ಭದ ಬಾಯಿ ಈಗ ಮುಚ್ಚಿರತೈತಿ. ಅದನ್ನ ದಾಟಿ ಕಡ್ಡಿ ಹ್ವಾದ್ರ, ಒಳಗ ಜೀವ ಇದ್ರೂ ಉಳ್ಯಾಕಿಲ್ಲ."

ನಾನು ಫೋನನ್ನು ತಮ್ಮನ ಕಿವಿಗೆ ಹಿಡಿದೆ. ಅವನು ಎರಡು ಮಾತು ಕೇಳಿ ನನ್ನ ಮುಖ ನೋಡಿದ.

"ಯಾರ ಬಾಯಿ ಇದು? ಟೋಳಿ ಕಳಸಿದಂವನ ಅಕ್ಕನೇನ?"

ಎಂದವನೇ ಗುಂಡಿ ಒತ್ತಿ ಫೋನ್ ನನ್ನ ಕೈಗೆ ಕೊಟ್ಟ. ಮತ್ತೆ ಹಚ್ಚಿದೆ, ತಾಗಲಿಲ್ಲ. ಮತ್ತೆ ಹಚ್ಚಿದೆ. ನಾನು ಸಾವಿರ ಸಲ ಸುಳ್ಳು ಕರೆ ಮಾಡಿದವನು, ಎಲ್ಲವೂ ತಾಗಿದ್ದವು. ನಿಜದ ಕರೆ ತಾಗಲಿಲ್ಲ.

"ಲೇ ತಮ್ಮಾ, ನಮ್ಮ ಅವ್ವನ ಆಣಿ. ಡಾಕ್ಟರ್‌ಬಾಯೀನ ಅಕಿ."

"ಅವ್ವನ ಆಣಿ ನೀ ಹಾಕಿದ್ದ ಮೊದಲನೇ ಸಲಾ ಅಲ್ಲ ಬಿಡು."

ನನ್ನ ಹೆಂಡತಿ ಅಷ್ಟು ಹೊತ್ತಿಗೆ ಗೋಡೆ ದಾಟಿ ಆಕಳಿನ ಹತ್ತಿರ ನಿಂತಿದ್ದಳು. "ನಿನ್ನ ಇನ್ನೊಂದ ಆಕಳ ಬಿಡು, ಮ್ಯಾಲ ಹಾರಿದ್ರ ನಿಲ್ಲತೈತೋ ಸರೀತೈತೋ ನೋಡೂಣು," ಅಂದಳು. ತಮ್ಮ ಒಲ್ಲದ ಮನಸ್ಸಿನಿಂದ ತನ್ನ ಇನ್ನೊಂದು ಆಕಳಿನ ಹಗ್ಗ ಬಿಚ್ಚಿದ. ಎರಡನ್ನೂ ಅಂಗಳದಲ್ಲಿ ಬಿಟ್ಟು ನಾವು ಮೂವರೂ ಬದಿಗೆ ಸರಿದೆವು.

ಬಿಸಿಲು ಏರುತ್ತಿತ್ತು. ಕರಿ-ಬಿಳಿ ಆಕಳು ಸುತ್ತ ಮೂಸಿತು, ಒದರಿತು, ಇನ್ನೊಂದರ ಬೆನ್ನಿಗೆ ಗದ್ದ ಇಟ್ಟಿತು. ಆಮೇಲೆ ಇನ್ನೊಂದು ಹಿಂದಿನಿಂದ ಬಂದು ಇದರ ಮೇಲೆ ಮುಂಗಾಲು ಎತ್ತಿತು. ಆಕಳು ನಿಂತಿತು. ಒಂದು ಉಸಿರಿನಷ್ಟು ನಿಂತು, ಪಕ್ಕಕ್ಕೆ ಹೊರಳಿ ಮೇವಿನ ಗ್ವಾದಲಿಯ ಕಡೆ ನಡೆಯಿತು.

"ನಿಂತ್ತು," ಅಂದ ತಮ್ಮ.

"ಸರೀತು," ಅಂದಳು ನನ್ನ ಹೆಂಡತಿ.

"ನಿಂತ ಮ್ಯಾಲ ಸರೀತ ವೈನಿ," ಅಂದ ಅವನು ಅತ್ತಿಗೆಗೆ.

"ಸರೀತಲ್ಲಾ."

ಇಬ್ಬರೂ ಒಂದೇ ಆಕಳನ್ನು ನೋಡಿದ್ದರು. ನಾನು ಮೂರನೆಯವನು, ನನ್ನನ್ನು ಇಬ್ಬರೂ ಕೇಳಲಿಲ್ಲ. ಇನ್ನೊಮ್ಮೆ ನೋಡೋಣ ಎನ್ನುವಷ್ಟರಲ್ಲಿ ಬಾಗಿಲಲ್ಲಿ ಮೋಟರ್ ಸೈಕಲ್ ನಿಂತಿತು.

ಊರೂರು ತಿರುಗಿ ದನಗಳಿಗೆ ವೀರ್ಯದ ಕಡ್ಡಿ ಹಾಕುವವನು ಅವನು. ಹಿಂದೆ ಹೊಗೆಯಾಡುವ ಡಬ್ಬಿ ಕಟ್ಟಿಕೊಂಡು ಬರುತ್ತಾನೆ, ಯಾವಾಗಲೂ ಅವಸರ. ಬಂದವನೇ ಬಿಸಿನೀರು ಕೇಳಿದ, ಕೈಗೆ ಪ್ಲಾಸ್ಟಿಕ್ ಚೀಲ ಏರಿಸಿದ, ಡಬ್ಬಿಯ ಚಳಿಯೊಳಗಿನಿಂದ ಒಂದು ಕಡ್ಡಿ ತೆಗೆದು ನೀರಲ್ಲಿ ಅದ್ದಿದ.

"ಏ ಮಾರಾಯಾ, ತಡಿ. ಆಕಳ ಗಬ್ಬ ಐತಿ," ಅಂದೆ.

"ಕಾಕಾ, ಹೋದ ವರ್ಷ ನೀವ ಹೋರಿಯಂಗ ಒದರಿ ನನ್ನ ಈ ಊರಾಗ ಮೂರ ಓಣಿ ತಿರುಗಿಸೀರಿ. ಇವತ್ತ ಬ್ಯಾಡ. ಕಾಗವಾಡದಾಗ ಇನ್ನೊಂದ ಆಕಳ ಕಾಯಾಕತ್ತೈತಿ."

"ಇವತ್ತ ಚ್ಯಾಷ್ಟಿ ಅಲ್ಲೋ."

"ಆ ದಿನಾನೂ ಹಿಂಗ ಅಂದಿದ್ರಿ," ಎಂದು ಕಡ್ಡಿಯನ್ನು ಉದ್ದನೆಯ ಕೊಳವೆಗೆ ಏರಿಸತೊಡಗಿದ. "ಕರಗಿದ್ದನ್ನ ಮತ್ತ ಡಬ್ಬ್ಯಾಗ ಇಡಾಕ ಬರೂದಿಲ್ರಿ. ಹಾಕೂದಾದ್ರ ಈಗ. ಹಿಡೀರಿ ಬಾಲಾ."

ತಮ್ಮ ಹೋಗಿ ಬಾಲ ಹಿಡಿದ. ನಾನು ಆಕಳಿನ ಹಿಂದೆ ಅಡ್ಡ ನಿಂತೆ. ಕೈಕಾಲು ಸೆಟೆದು ನೆಲಕ್ಕೆ ಬೀಳಲೇ, ಎದೆ ನೋವೆಂದು ಕೂಗಲೇ ಎಂದು ಯೋಚಿಸಿದೆ. ಎದೆ ನೋವಿನ ಆಟವನ್ನು ಎರಡು ಸಲ ಆಡಿ ಮುಗಿಸಿದ್ದೆ. ತಮ್ಮ ನನ್ನ ತೋಳು ಹಿಡಿದು ಬದಿಗೆ ಸರಿಸಿದ, ಜೋರಾಗಿ ಅಲ್ಲ, ಆದರೆ ತಮ್ಮನಾದವನು ಅಣ್ಣನನ್ನು ಸರಿಸುವ ಹಾಗೂ ಅಲ್ಲ. ಕಡ್ಡಿಯವನು ಚೀಲದ ಕೈ ಮುಂದೆ ಚಾಚಿದ.

ಆಗ ನನ್ನ ಹೆಂಡತಿ ಆಕಳಿನ ಬೆನ್ನ ಮೇಲೆ ಕೈ ಇಟ್ಟಳು. ದನಿ ಎತ್ತಲಿಲ್ಲ.

"ತಮ್ಮಾ, ಕರು ನೀನ ಇಟ್ಕೋ."

ತಮ್ಮ ಅವಳ ಕಡೆ ನೋಡಿದ.

"ಹೆಣ್ಗರ ಆಗ್ಲಿ, ಗಂಡುಗರ ಆಗ್ಲಿ. ನಿನ್ನ ದಾವಣ್ಯಾಗ ಹುಟ್ಟತೈತಿ, ನಿನ್ನ ದಾವಣ್ಯಾಗ ಇರ್ಲಿ. ನಾ ಕೇಳೂದಿಲ್ಲ. ಡಾಕ್ಟರ್‌ಬಾಯಿ ಬಂದ ನೋಡೂತನಕಾ ಕೈ ಹಾಕಸಬ್ಯಾಡ, ಅಷ್ಟ."

"ವೈನಿ, ನಾ ಕರುವಿನ ಸಲುವಾಗಿ..."

"ಗೊತ್ತೈತಿ. ಕಾಯೂದು ನಿಂದ ಆದ ಮ್ಯಾಲ ಕರೂನೂ ನಿಂದ ಆಗಬೇಕು. ನಮಗ ಮೊದಲ ಹೊಳೀಲಿಲ್ಲ."

ಕಡ್ಡಿಯವನ ಕೈ ಹಾಗೆಯೇ ಗಾಳಿಯಲ್ಲಿತ್ತು. "ಲಗೂನ ಹೇಳ್ರಿ ಯಪ್ಪಾ," ಅಂದ. ತಮ್ಮ ಆಕಳನ್ನು ನೋಡಿದ, ವೈನಿಯನ್ನು ನೋಡಿದ. ಆಕಳು ಮತ್ತೆ ಒಮ್ಮೆ ಒದರಿತು. ಆ ಒಂದು ಕೂಗಿನಿಂದ ಎಲ್ಲ ಕೆಡುತ್ತದೆ ಎಂದು ನಾನು ಹಲ್ಲು ಕಚ್ಚಿದೆ.

ತಮ್ಮ ಬಾಲ ಬಿಟ್ಟ. "ಕೈ ತಗಿಯಪ್ಪಾ," ಅಂದ.

"ಮತ್ತ ಇದನ್ನೇನ ಮಾಡ್ಲಿ?" ಎಂದು ಅವನು ಕರಗಿದ ಕಡ್ಡಿ ತೋರಿಸಿದ. ನನ್ನ ಬಾಯಿಗೆ ಒಂದು ಉತ್ತರ ಬಂತು, ಚಲೋ ಉತ್ತರ, ಊರು ವರ್ಷಗಟ್ಟಲೆ ನಗಬಹುದಾದದ್ದು. ನುಂಗಿದೆ.

ಆಮೇಲಿನ ದಿನಗಳಲ್ಲಿ ತಮ್ಮ ಬೇರೆಯೇ ಮನುಷ್ಯನಾದ. ನಾನು ಗೋಡೆಯ ಹತ್ತಿರ ಕೆಮ್ಮಿದರೂ "ಸಾವಕಾಶ ಕೆಮ್ಮು, ಆಕಳ ಬೆದರತೈತಿ" ಎನ್ನುತ್ತಿದ್ದ. ಆದರೆ ಒಳಗೆ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಏನೂ ಇಲ್ಲದ ಹೊಟ್ಟೆಯನ್ನು ಕೊಟ್ಟು-ಕೊಂಡು ಮಾಡಿದೆವೇನೋ ಎಂದು ನಾನು ಹೆಂಡತಿಗೆ ಹೇಳಿದೆ. ಅವಳು ಪಲ್ಯಕ್ಕೆ ಉಪ್ಪು ಹಾಕುವುದನ್ನು ದಿನಾ ಮರೆತಳು.

ಡಾಕ್ಟರ್‌ಬಾಯಿ ಮಶಿನ್ ತಂದ ದಿನ ನಾವು ಮೂವರೂ ತಮ್ಮನ ಕೊಟ್ಟಿಗೆಯಲ್ಲಿ ಸೇರಿದೆವು. ಅವರು ಆಕಳಿನ ಹಿಂದೆ ನಿಂತು ಕೈ ಒಳಗೆ ಹಾಕಿ ಪರದೆಯ ಮೇಲೆ ಕಣ್ಣಿಟ್ಟರು. ಬೂದಿ ಬಣ್ಣ, ಕರಿ ಬಣ್ಣ, ಮತ್ತೆ ಬೂದಿ. ಬಹಳ ಹೊತ್ತು ಹುಡುಕಿದರು. ಆಮೇಲೆ ಕೈ ನಿಂತಿತು.

"ಇಲ್ಲಿ ನೋಡ್ರಿ. ಮಿಣಿ ಮಿಣಿ ಅನ್ನಾಕತ್ತೈತಲ್ಲ, ಅದು ಎದಿ ಬಡತ."

ಕರಿಯ ಗುಳ್ಳೆಯೊಳಗೆ ಹುರುಳಿ ಕಾಳಿನಷ್ಟು ಏನೋ ಮಿನುಗುತ್ತಿತ್ತು. ತಮ್ಮ ನನ್ನನ್ನು ತಳ್ಳಿ ಮುಂದೆ ಬಂದ. "ಅತ್ತ ಸರಿ, ಇದು ನಮ್ಮ ಆಕಳ," ಅಂದ. ನನ್ನ ಹೆಂಡತಿ ಹಿಂದೆಯೇ ಇದ್ದಳು. ಪರದೆ ಅವಳಿಗೆ ಕಾಣಿಸಿತೋ ಇಲ್ಲವೋ, ಸೆರಗಿನಿಂದ ಮುಖ ಒರೆಸಿಕೊಂಡಳು.

ಕರು ಹುಟ್ಟಿದ್ದು ಒಂದು ಮಧ್ಯಾಹ್ನ. ಕರಿ-ಬಿಳಿ ತಾಯಿಯ ಮುಂದೆ ಬಿಳಿಯ ಕರು, ಖಿಲಾರಿ ಕರುಗಳಿಗೆ ಇರುವ ಹಾಗೆ ನೆತ್ತಿ ಮಾತ್ರ ಕೆಂಪು. ತಾಯಿಗೆ ಬಣ್ಣದ ಚಿಂತೆ ಇರಲಿಲ್ಲ, ನೆಕ್ಕುತ್ತಲೇ ಇತ್ತು. ಡಾಕ್ಟರ್‌ಬಾಯಿ ಬಾಲ ಎತ್ತಿ ನೋಡಿ, "ಹೆಣ್ಣ," ಅಂದರು. ತಮ್ಮ ಹಗ್ಗ ತಂದು ವೈನಿಯ ಕೈಗೆ ಕೊಟ್ಟ. ಅವಳು ಕರುವಿನ ಕೊರಳಿಗೆ ಕಟ್ಟಿದಳು, ತುದಿಯನ್ನು ದನ ಕಟ್ಟುವ ಅವನ ದಾವಣಿಗೇ ಬಿಗಿದಳು, ಗೋಡೆ ದಾಟಿ ಬರಿಗೈಯಲ್ಲಿ ಮನೆಗೆ ಬಂದಳು.

ಆ ದಿನ ಆಕಳಿನ ಬೆನ್ನ ಮೇಲೆ ಕೈ ಇಟ್ಟು ಅವಳು ಆಡಿದ ಮಾತನ್ನು ಹೇಳಿಕೊಟ್ಟವನು ನಾನೇ ಎಂದು ಊರಲ್ಲಿ ಹೇಳಿಕೊಂಡು ತಿರುಗುತ್ತೇನೆ. ಒಬ್ಬರೂ ನಂಬುವುದಿಲ್ಲ. ಮೊನ್ನೆ ಅವಳು ಗೋಡೆಗೆ ಒರಗಿ ಕರುವನ್ನು ನೋಡುತ್ತ ನಿಂತಿದ್ದಳು. ನಾನು ಹತ್ತಿರ ಹೋಗಿ, "ಅದು ಬೆಳದ ಈದ ಮ್ಯಾಲ ಒಂದ ಹೆಣ್ಗರ ನಮಗ ಕೊಡೋ ಅಂತ ತಮ್ಮಗ ಕೇಳ್ತೀನಿ," ಅಂದೆ.

"ನೀವ ಏನೂ ಕೇಳಬ್ಯಾಡ್ರಿ," ಅಂದಳು ನನ್ನ ಕಡೆ ನೋಡದೆ. "ನಾ ಆಗಲೇ ಕೇಳೀನಿ. ಹೂಂ ಅಂದಾನ."