ಮೇಷ್ಟ್ರು ಹೆಸರಿಟ್ಟ ಬ್ಯಾಕ್ಟೀರಿಯಾ

ಆ ಫೋನಿಗೆ ಮೇಷ್ಟ್ರ ದನಿಯಲ್ಲಿ ಉತ್ತರ ಕೊಟ್ಟ ಕತ್ತೆ ನಾನೇ. ಬೇರೆಯವರು ಹೇಳುವ ಮೊದಲು ನಾನೇ ಒಪ್ಪಿಕೊಂಡುಬಿಡುತ್ತೇನೆ.

ಮಂಡ್ಯದ ಕಾಲೇಜಿನಲ್ಲಿ ಎಂ.ಎಸ್ಸಿ. ಓದುತ್ತಿದ್ದ ದಿನಗಳವು. ನನಗೆ ನೆಟ್ಟಗೆ ಬರುತ್ತಿದ್ದ ವಿದ್ಯೆ ಒಂದೇ, ಮಿಮಿಕ್ರಿ. ಪ್ರಿನ್ಸಿಪಾಲರ ಕೆಮ್ಮು, ಮಳವಳ್ಳಿ ಬಸ್ಸಿನ ಕಂಡಕ್ಟರನ ರಾಗ, ವೈವಾದಲ್ಲಿ ತಡವರಿಸುವ ನನ್ನದೇ ಕೀರಲು ದನಿ, ಯಾವುದನ್ನೂ ಬಿಟ್ಟವನಲ್ಲ. ಮೈಕ್ರೋಬಯಾಲಜಿ ಮೇಷ್ಟ್ರ ದನಿಯಂತೂ ಅವರಿಗಿಂತ ಚೆನ್ನಾಗಿ ಬರುತ್ತಿತ್ತು.

ಈ ಮೇಷ್ಟ್ರು ವಿದ್ಯಾರ್ಥಿಯಾಗಿದ್ದಾಗ, ಕೊಪ್ಪದ ಹತ್ತಿರದ ಆಲೆಮನೆಯೊಂದರ ಹಿಂದಿನ ತಿಪ್ಪೆಯಿಂದ ಒಂದು ಬ್ಯಾಕ್ಟೀರಿಯಾ ಹಿಡಿದು ತಂದಿದ್ದರು. ಕಬ್ಬಿನ ಸಿಪ್ಪೆ, ಸಗಣಿ ಕೊಳೆತು ಒಳಗೆ ಕೈಯಿಡಲಾಗದಷ್ಟು ಕಾವೇರುವ ಜಾಗ ಅದು. ಬೇರೆ ಜೀವಿಗಳು ಬೆಂದುಹೋಗುವಲ್ಲಿ ಇದು ಹಾಯಾಗಿ ಬೆಳೆಯುತ್ತಿತ್ತು. ಆಕಾರ, ಬಣ್ಣ, ಯಾವ ಸಕ್ಕರೆ ತಿನ್ನುತ್ತದೆ ಎಂಬುದನ್ನೆಲ್ಲ ನೋಡಿ ಅದನ್ನು ಬ್ಯಾಸಿಲಸ್ ಕುಲಕ್ಕೆ ಸೇರಿಸಿ ಹೆಸರಿಟ್ಟಿದ್ದರು. ಅವರ ಡಾಕ್ಟರೇಟ್ ನಿಂತಿದ್ದು ಆ ಹೆಸರಿನ ಮೇಲೆ. ನಿವೃತ್ತಿಗೆ ಮುಂಚೆ ಅದರ ಇಡೀ ಜೀನೋಮನ್ನು, ಎಂದರೆ ಡಿಎನ್‌ಎಯ ಬರಹವನ್ನು, ಅಕ್ಷರ ಅಕ್ಷರವಾಗಿ ಓದಿಸಿ ಹೆಸರನ್ನು ಗಟ್ಟಿ ಮಾಡಿಕೊಳ್ಳುವ ಆಸೆ. ಫ್ರೀಜರಿನಲ್ಲಿದ್ದ ಹಳೆಯ ಟ್ಯೂಬಿನಿಂದ ಬೆಳೆಸಿ ಬೆಂಗಳೂರಿನ ಒಂದು ಲ್ಯಾಬಿಗೆ ಕಳಿಸಿದ್ದೆವು.

ಲ್ಯಾಬಿನವರ ಫೋನು ಬಂದಾಗ ಮೇಷ್ಟ್ರು ಪಾಠಕ್ಕೆ ಹೋಗಿದ್ದರು. ಮೊಬೈಲು ಮೇಜಿನ ಮೇಲಿತ್ತು, ಸುತ್ತ ನಗಲು ಕಾದಿದ್ದ ಗೆಳೆಯರಿದ್ದರು.

"ಸಾರ್, ನೀವು ಬರೆದಿರೋ ಹೆಸರಿಗೂ ಜೀನೋಮಿಗೂ ತಾಳೆನೇ ಆಗ್ತಿಲ್ಲ. ಸ್ಯಾಂಪಲ್ ಕಲಬೆರಕೆ ಆಗಿದೆಯಾ?"

"ಆಗಿರ್ತದೆ ಕಣ್ರೀ," ಎಂದೆ ಮೇಷ್ಟ್ರ ಗಂಟಲಲ್ಲಿ. "ನಮ್ಮಲ್ಲೊಬ್ಬ ಪೆದ್ದ ಅವ್ನೆ, ಅವನ ಕೆಲ್ಸ. ಬಿಸಾಕಿ."

ಅವರು ನಿಜವಾಗಿಯೂ ಬಿಸಾಕಿದರು.

ವಾರದ ಮೇಲೆ ಮೇಷ್ಟ್ರೇ ವರದಿ ಕೇಳಲು ಲ್ಯಾಬಿಗೆ ಫೋನು ಮಾಡಿದಾಗ ಸಂಗತಿ ಹೊರಬಿತ್ತು. ಮೇಷ್ಟ್ರು ಬಯ್ಯಲಿಲ್ಲ. "ನಾನು ಹಂಗಾ ಮಾತಾಡೋದು?" ಎಂದರು.

"ಸ್ವಲ್ಪ ಮೂಗಿನ ದನಿ ಜಾಸ್ತಿ, ಸಾರ್."

"ಬೈಕ್ ತೆಗಿ."

ಕಲಬೆರಕೆಯ ಅನುಮಾನ ಕಳೆಯಬೇಕಾದರೆ ಅದೇ ತಿಪ್ಪೆಯಿಂದ ಹೊಸದಾಗಿ ತೆಗೆಯಬೇಕಿತ್ತು. ಮದ್ದೂರು ಹಾದು ಕೊಪ್ಪದ ದಾರಿ ಹಿಡಿದೆವು. ಕೊಪ್ಪರಿಗೆಯಲ್ಲಿ ಪಾಕ ಕುದಿಯುವ ವಾಸನೆ ಮೂಗಿಗೆ ಬಂದರೆ ಈಗಲೂ ನನಗೆ ನೆನಪಾಗುವುದು ಬೆಲ್ಲವಲ್ಲ, ಪ್ಯಾಂಟು ಮಡಿಸಿಕೊಂಡು ತಿಪ್ಪೆ ಬಗೆಯುತ್ತಿದ್ದ ಮೇಷ್ಟ್ರ ಬೆನ್ನು. ಆಲೆಮನೆಯ ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಅವಾಗ ಸೈಕಲ್ನಾಗೆ ಬಂದು ತಿಪ್ಪೆ ತುಂಬ್ಕೊಂಡ್ ಓಗಿದ್ದೋನು ನೀನೇ ಅಲ್ವೇನಪ್ಪ? ಇನ್ನೂ ಸಾಕಾಗಿಲ್ವಾ?"

ಮೇಷ್ಟ್ರು ಹುಡುಗನಂತೆ ನಕ್ಕರು. ಆ ನಗು ಮಾತ್ರ ಎಷ್ಟು ಸಲ ಪ್ರಯತ್ನಪಟ್ಟರೂ ನನ್ನ ಬಾಯಿಗೆ ಕೂತಿಲ್ಲ.

ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಓದಿಸಿದೆವು. ಎರಡೂ ಒಂದೇ, ಕಲಬೆರಕೆ ಇರಲೇ ಇಲ್ಲ. ಆದರೆ ಅದು ಬ್ಯಾಸಿಲಸ್ಸೂ ಆಗಿರಲಿಲ್ಲ. ಅದರ ನೆಂಟರೆಲ್ಲ ಇದ್ದದ್ದು ಜಿಯೋಬ್ಯಾಸಿಲಸ್ ಎಂಬ ಬೇರೆ ಕುಲದಲ್ಲಿ. ಮೇಷ್ಟ್ರು ವರದಿಯನ್ನು ಎರಡು ಸಲ ಓದಿ, ಕಪಾಟಿನಿಂದ ತಮ್ಮ ಪ್ರಬಂಧ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನ ಈಗ ಜರ್ನಲ್‌ಗೆ ಬರಿಯೋದು ಬ್ಯಾಡ, ಸಾರ್," ಎಂದೆ. "ನೀವು ರಿಟೈರ್ ಆಗಿ. ಆಮೇಲೆ ಯಾರಾದ್ರೂ ತಿದ್ಕೋತಾರೆ."

ಮೇಷ್ಟ್ರು ಲ್ಯಾಪ್‌ಟಾಪನ್ನು ನನ್ನ ಕಡೆ ತಳ್ಳಿದರು.

"ಬ್ಯಾರೆಯೋರು ಯಾಕ್ಲಾ ತಿದ್ಬೇಕು? ತಪ್ಪು ಹೆಸರಿಟ್ಟೋನು ಇನ್ನೂ ಬದುಕವ್ನೆ. ಬರಿ."