ಗಾಳಿಗೆ ಹೆದರುವ ದೆವ್ವ ಮತ್ತು ನಮ್ಮತ್ತೆಯ ಬಂಗುಡೆ

ಕಳೆದ ಭಾನುವಾರ ಫ್ರಿಜ್ ಒರೆಸಲು ಹೋದರೆ ಮೊಸರಿನ ಪಾತ್ರೆಯ ಹಿಂದೆ ಹಳೇ ಟವೆಲ್‌ನಲ್ಲಿ ಸುತ್ತಿದ ಒಂದು ಗಂಟು. ಬಿಚ್ಚಿದೆ... ಬಂಗುಡೆ ಮೀನು! ಗಾಳಿ ಎಳೆದು ಸೀಲ್ ಮಾಡಿದ ಪ್ಯಾಕೆಟ್.

ಗಂಗಾವತಿಯ ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೂ ಎತ್ತುವಂತಿಲ್ಲ. ನಾನೋ ಹೊನ್ನಾವರದವಳು, ಮದುವೆಯಾದ ಮೇಲೆ ಮೀನನ್ನು ಕನಸಿನಲ್ಲಷ್ಟೇ ತಿಂದವಳು.

ಬಾಗಿಲಲ್ಲಿ ಅತ್ತೆ ಸಿಕ್ಕಿಬಿದ್ದ ಕಳ್ಳಿಯಂತೆ ನಿಂತಿದ್ದರು.

"ನಿನ್ನ ಹುಟ್ಟಿದ ದಿನಕ್ಕಂತ ತರಿಸಿಟ್ಟೇನಿ. ಹದಿನೈದು ದಿನ ಆತು. ಯಾರ ಮುಂದೂ ಹೇಳಬ್ಯಾಡ."

ಕಣ್ಣು ತುಂಬಿ ಬಂತು. ಮರುಕ್ಷಣವೇ ಪ್ಯಾಕೆಟ್ ತಿರುಗಿಸಿ ನೋಡಿದೆ. ಫ್ರೀಜರ್‌ನಲ್ಲಿಡಿ ಎಂದು ಪ್ಯಾಕೆಟ್ ಮೇಲೆ ಇಂಗ್ಲಿಷಿನಲ್ಲಿತ್ತು, ಅತ್ತೆ ಕೆಳಗಿನ ಖಾನೆಯಲ್ಲಿ ಇಟ್ಟಿದ್ದರು.

ನಾನು ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಕಲಿಸುತ್ತೇನೆ. ಸಮುದ್ರದ ಮೀನಿನ ಕರುಳಿನಲ್ಲಿ ಬರಬಹುದಾದ ಒಂದು ಜಾತಿಯ ಬ್ಯಾಕ್ಟೀರಿಯಾಕ್ಕೆ ಗಾಳಿ ಆಗದು, ಫ್ರಿಜ್‌ನ ತಂಪಿನಲ್ಲೂ ಅದು ಬೆಳೆಯುತ್ತದೆ. ವಿಷ ಬಿಟ್ಟರೂ ವಾಸನೆ ಬರಲೇಬೇಕೆಂದಿಲ್ಲ.

ಎಸೆಯದೆ ವಿಧಿಯಿಲ್ಲ. ಆದರೆ ಹೇಗೆ ಹೇಳಲಿ? ಹಾಲು ಮೊಸರಿನ ಪಕ್ಕ ಮೀನಿಗೆ ಜಾಗ ಕೊಡಲು ಅವರು ಎಷ್ಟು ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು...

"ಛಲೋ ಐತಿ, ವಾಸನಿ ಇಲ್ಲ. ಗಾಳಿ ಸುದ್ದಾ ತಾಗಿಲ್ಲ ನೋಡು" ಅಂದರು.

ಗಾಳಿ ತಾಗಿತು ಎಂದರೆ ಇಲ್ಲಿ ದೆವ್ವ ಮೆಟ್ಟಿಕೊಂಡಿತು ಎಂದೂ ಅರ್ಥ. ನಾನು ಅದನ್ನೇ ಹಿಡಿದುಕೊಂಡೆ.

"ಅತ್ತೆ, ಇದು ಬೇರೆ ಥರದ ದೆವ್ವ. ಗಾಳಿ ಕಂಡರೆ ಇದಕ್ಕೇ ಹೆದರಿಕೆ. ಗಾಳಿ ಇಲ್ಲದ ತಣ್ಣನೆ ಜಾಗ ಸಿಕ್ಕರೆ ಒಳಗೊಳಗೇ ಬೆಳೆದು ವಿಷ ಬಿಡುತ್ತೆ, ವಾಸನೆಯೂ ಬರಲ್ಲ."

ಅತ್ತೆ ಪ್ಯಾಕೆಟ್ಟನ್ನೇ ದಿಟ್ಟಿಸಿದರು. "ನನ್ನ ಸೊಸಿಗೆ ನಾನ ವಿಷಾ ಹಾಕ್ತಿದ್ನಲ್ಲವ್ವಾ..." ಎಂದವರು ಅವತ್ತು ಊಟಕ್ಕೂ ಏಳಲಿಲ್ಲ.

ಪಕ್ಕ ಕೂತು ಕೈ ಹಿಡಿದುಕೊಂಡೆ. ಇಷ್ಟು ದೊಡ್ಡ ಉಡುಗೊರೆ ನನಗೆ ಯಾರೂ ಕೊಟ್ಟಿಲ್ಲ ಎಂದೆ. ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ಕೊಟ್ಟಿಲ್ಲ.

ನಿನ್ನೆ ನನ್ನ ಹುಟ್ಟುಹಬ್ಬ. ಬೆಳಿಗ್ಗೆಯೇ ಅತ್ತೆ ಮೀನಿನ ಅಂಗಡಿಗೆ ಫೋನ್ ಹಚ್ಚಿದ್ದಾರೆ.

"ನಮಗ ಗಾಳಿ ತಾಗಿದ್ದ ಮೀನ ಬೇಕ್ರಿ. ಗಾಳಿ ತಾಗದ್ದು ಕೊಡಬ್ಯಾಡ್ರಿ!"

ಫೋನಿನ ಸ್ಪೀಕರ್ ಆನ್ ಇತ್ತು. ಆ ಕಡೆಯಿಂದ ಅಂಗಡಿಯವರು ಅಳುಕುತ್ತಾ ಕೇಳಿದರು, "ಅಮ್ಮಾರ, ಮೀನಿಗೂ ಗಾಳಿ ಹಿಡಿತೈತೇನ್ರಿ?"

ನಾನು ನಕ್ಕು ನಕ್ಕು ಸುಸ್ತಾದೆ.

ಕೊನೆಗೆ ಐಸ್ ಮೇಲಿಟ್ಟ ತಾಜಾ ಬಂಗುಡೆ ಬಂತು. ಹಿತ್ತಲಲ್ಲಿ ಒಲೆ ಹೂಡಿ ತಕ್ಷಣ ಸಾರು ಮಾಡಿದೆ. ನಾನು ಉಂಡು ಮುಗಿಸುವವರೆಗೂ ಅತ್ತೆ ಮೂಗಿಗೆ ಸೆರಗು ಹಿಡಿದು ಎದುರಿಗೇ ಕೂತಿದ್ದರು, ಏಳಲಿಲ್ಲ.

ಸೆರಗಿನ ಹಿಂದಿನಿಂದಲೇ ಅಂದರು, "ಮುಳ್ಳ ನೋಡಿ ತಿನ್ನವ್ವಾ."

ಹುಟ್ಟಿದಾಗಿನಿಂದ ಮೀನೇ ಮುಟ್ಟದ ಇವರಿಗೆ ಮುಳ್ಳಿನ ವಿಷಯ ಯಾರು ಹೇಳಿಕೊಟ್ಟರು, ನೀವೇ ಹೇಳಿ?