ಲೈನಿಗೊಂದೇ ಟೋಕನ್

ಆ ಟೋಕನ್ ನೆನೆದರೆ ಈಗಲೂ ಮೈ ಉರಿಯುತ್ತದೆ. ಕೆಂಗಲ್ ಹತ್ತಿರದ ಗಾರ್ಮೆಂಟ್ ಫ್ಯಾಕ್ಟರಿಯೊಂದರಲ್ಲಿ ನಾನು ನರ್ಸಾಗಿದ್ದೆ. ಹೊಲಿಗೆಯ ಒಂದೊಂದು ಲೈನಿಗೂ ಒಂದೇ ಒಂದು ಪ್ಲಾಸ್ಟಿಕ್ ಟೋಕನ್. ಅದನ್ನು ಕೊರಳಿಗೆ ಹಾಕಿಕೊಂಡವಳು ಮಾತ್ರ ಶೌಚಾಲಯಕ್ಕೆ ಹೋಗಬಹುದು. ಅವಳು ವಾಪಸು ಬರುವವರೆಗೆ ಉಳಿದವರು ಹಲ್ಲು ಕಚ್ಚಿ ತಡೆದುಕೊಳ್ಳಬೇಕು. ಈ ರಗಳೆಯೇ ಬೇಡವೆಂದು ಹೆಂಗಸರು ಬೆಳಿಗ್ಗೆ ವ್ಯಾನ್ ಹತ್ತಿದರೆ ಸಂಜೆಯವರೆಗೆ ನೀರು ಮುಟ್ಟುತ್ತಿರಲಿಲ್ಲ.

ಟೋಕನ್‌ಗೆ ಅಷ್ಟು ಜಿಪುಣನಾಗಿದ್ದ ಸೂಪರ್‌ವೈಸರ್ ಮಾತ್ರೆಯ ವಿಷಯದಲ್ಲಿ ಮಹಾ ಧಾರಾಳಿ. ತಲೆನೋವು, ಸೊಂಟನೋವು ಎಂದವರನ್ನೆಲ್ಲ ನನ್ನ ಕೋಣೆಗೆ ಅಟ್ಟುತ್ತಿದ್ದ. ನೋವಿನ ಮಾತ್ರೆ ಕೊಡುತ್ತಿದ್ದವಳು ನಾನೇ. ಊಟ ಆಯಿತಾ ಎಂದು ಕೇಳುತ್ತಿದ್ದೆ. ನೀರು ಕುಡಿದೆಯಾ ಎಂದು ಒಂದು ದಿನವೂ ಕೇಳಲಿಲ್ಲ.

ಚನ್ನಪಟ್ಟಣದ ಕಡೆಯಿಂದ ಬರುತ್ತಿದ್ದ, ಕಾಲರ್ ಹೊಲಿಯುವ ಒಬ್ಬಳು ವಾರಕ್ಕೆ ನಾಲ್ಕು ಸಲ ಬರುತ್ತಿದ್ದಳು. ಒಂದೇ ಗುಟುಕಿನಲ್ಲಿ ಮಾತ್ರೆ ನುಂಗಿ, ಲೋಟದಲ್ಲಿ ಉಳಿದ ನೀರನ್ನು ಕಿಟಕಿಯಾಚೆ ಚೆಲ್ಲುತ್ತಿದ್ದಳು. ನಾನು ನೋಡುತ್ತಾ ಕೂತಿರುತ್ತಿದ್ದೆ. ಲಿವರ್ ಔಷಧಿಯನ್ನು ಒಡೆಯುತ್ತದೆ, ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ ಎಂದು ಓದಿದವಳು ನಾನು. ಆ ನೋವಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನೇ ತಗ್ಗಿಸುತ್ತದೆ, ಮೈಯಲ್ಲಿ ನೀರೂ ಇಲ್ಲದಿದ್ದರೆ ಕಿಡ್ನಿ ಕೆಡುತ್ತದೆ ಎಂದೂ ಓದಿದ್ದೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ತೆಗೆದಿದ್ದೆ. ಯಾವ ಸುಡುಗಾಡಿಗೆ ಬೇಕಿತ್ತು ಆ ಅಂಕ?

ಅವಳ ಮುಖ, ಕಾಲು ಊದಿಕೊಂಡ ದಿನ ನನಗೆ ಬುದ್ಧಿ ಬಂತು. ಲೈನಿಗೆ ಇನ್ನೊಂದಾದರೂ ಟೋಕನ್ ಕೊಡಿ ಎಂದು ಸೂಪರ್‌ವೈಸರ್ ಮುಂದೆ ಹೋಗಿ ನಿಂತೆ. ಅವನು ತಲೆ ಕೂಡ ಎತ್ತಲಿಲ್ಲ.

"ಟಾರ್ಗೆಟ್ ನೀವು ಬಂದು ಮುಗಿಸ್ತೀರಾ? ಮಾತ್ರೆ ಕೊಡಕ್ಕೆ ಇಟ್ಕೊಂಡಿರದು ನಿಮ್ನ. ಕೊಟ್ಕೊಂಡ್ ಕೂತ್ಕಳಿ."

ಮಾತ್ರೆಯ ಡಬ್ಬಿಯನ್ನು ಅವನ ಮೇಜಿನ ಮೇಲೆ ಕುಕ್ಕಿ ಕೆಲಸ ಬಿಟ್ಟೆ. ಅದೇನು ದೊಡ್ಡ ಪೌರುಷವಲ್ಲ. ಎರಡು ವರ್ಷ ಮೊದಲೇ ಮಾಡಬೇಕಿತ್ತು.

ಆಮೇಲೆ ರಾಮನಗರದ ಆಸ್ಪತ್ರೆಯೊಂದರ ಡಯಾಲಿಸಿಸ್ ವಾರ್ಡಿಗೆ ಸೇರಿದೆ. ಒಂದು ಬೆಳಿಗ್ಗೆ ಅವಳೇ ಬಂದು ಮಲಗಿದಳು. ಎರಡೂ ಕಿಡ್ನಿ ಹೋಗಿದ್ದವು. ಮೂತ್ರ ಬಾರದವರಿಗೆ ಕುಡಿದ ನೀರು ಮೈಯಲ್ಲೇ ನಿಂತು ಉಸಿರು ಕಟ್ಟಿಸುತ್ತದೆ, ಹಾಗಾಗಿ ಅಲ್ಲಿ ನೀರನ್ನು ಅಳೆದು ಕೊಡುತ್ತೇವೆ. ಅವಳಿಗೆ ಅರ್ಧ ಲೋಟ ಕೊಟ್ಟೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ.

"ಆವಾಗ ನೀರಿತ್ತು, ಕುಡಿಯಂಗಿರ್ಲಿಲ್ಲ ಕಣಕ್ಕ," ಎಂದಳು. "ಈಗ ಟೋಕನ್ ಕೇಳೋರೇ ಇಲ್ಲ. ಇನ್ನೊಂದ್ ಒಸಿ ಹಾಕಕ್ಕ."

ಹಾಕಲಿಲ್ಲ. ಅವಳ ಅವತ್ತಿನ ಅಳತೆ ಮುಗಿದಿತ್ತು.